ಬೆಟ್ಟಕ್ಕೂ ವಿಮಾನಕ್ಕೂ ಒಂದೇ ಬೆನ್ನುಚೀಲ: 45 ಲೀಟರ್ ಬೇಕೇ?

ಹಾಸನದಲ್ಲಿರುವ ನೀವು ರಜೆ ಸಿಕ್ಕಾಗ ಎತ್ತಿನಭುಜ, ಮುಳ್ಳಯ್ಯನಗಿರಿ ಹತ್ತುತ್ತೀರಿ. ಕೆಲಸದ ನಿಮಿತ್ತ ಆಗಾಗ ವಿಮಾನದಲ್ಲಿ ದೆಹಲಿಗೆ ಹೋಗುತ್ತೀರಿ. ಎರಡಕ್ಕೂ ಒದಗುವ ಒಂದೇ ದೊಡ್ಡ ಡೇಪ್ಯಾಕ್ (ದಿನದ ಓಡಾಟಕ್ಕೆ ಹೊರುವ ಬೆನ್ನುಚೀಲ) ಬೇಕು, 45 ಲೀಟರಿನದು ಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. 30ರಿಂದ 35 ಲೀಟರ್ ಧಾರಾಳ ಸಾಕು. ಇನ್ನು ಒಂದೇ ಚೀಲ ಎರಡೂ ಕೆಲಸ ಮಾಡಬೇಕಾದರೆ ಅದರ ಬೆನ್ನು ಚಪ್ಪಟೆಯಾಗಿರಬೇಕು. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ, ಎಲ್ಲರೂ ಲೀಟರ್ ಮತ್ತು ಬಣ್ಣದ ಮಾತನ್ನೇ ಆಡುತ್ತಾರೆ.

ಮೊದಲು ವಿಮಾನದ ಲೆಕ್ಕ ಮುಗಿಸೋಣ. ಇಂಡಿಗೋದಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ, ಉದ್ದ, ಅಗಲ, ದಪ್ಪ ಮೂರೂ ಕೂಡಿ 115 ಸೆಂಟಿಮೀಟರ್ ಮೀರಬಾರದು. 55, 35, 25 ಎಂದು ನೆನಪಿಟ್ಟುಕೊಂಡರೆ ಆಯಿತು. ಆ ಅಳತೆಯ ಪೆಟ್ಟಿಗೆಯೊಂದನ್ನು ಗುಣಿಸಿ ನೋಡಿದರೆ 48 ಲೀಟರ್ ಬರುತ್ತದೆ, ಹಾಗಾಗಿ 45 ಲೀಟರಿನ ಚೀಲ ಅದರೊಳಗೆ ಕೂರಬೇಕಲ್ಲ ಎನ್ನಿಸುವುದು ಸಹಜ. ಕೂರುವುದಿಲ್ಲ. ಬೆನ್ನುಚೀಲಕ್ಕೆ ಪೆಟ್ಟಿಗೆಯ ಮೂಲೆಗಳಿರುವುದಿಲ್ಲ, ಸ್ಪಂಜು ಮತ್ತು ಪಟ್ಟಿಗಳೂ ಜಾಗ ತಿನ್ನುತ್ತವೆ, ತುಂಬಿದ ಮೇಲೆ ಮುಂಭಾಗ ಉಬ್ಬುತ್ತದೆ. ಚಾರಣಕ್ಕೆಂದೇ ಮಾಡಿದ 45 ಲೀಟರಿನ ಚೀಲಗಳು ಹೆಚ್ಚಾಗಿ 60 ಸೆಂಟಿಮೀಟರಿಗೂ ಉದ್ದವಾಗಿರುತ್ತವೆ. ನೀವು ಶಿವಮೊಗ್ಗದಿಂದ ವಿಮಾನ ಹತ್ತುವವರಾದರೆ ಇನ್ನೂ ಬಿಗಿ: ಅಲ್ಲಿಗೆ ಬರುವ ಎಟಿಆರ್ ಎಂಬ ಚಿಕ್ಕ ವಿಮಾನಗಳಲ್ಲಿ ಸೀಟಿನ ಮೇಲಿನ ಗೂಡು ಚಿಕ್ಕದು.

ಜಾಗಕ್ಕಿಂತ ಮೊದಲು ಮುಗಿಯುವುದು ತೂಕದ ಮಿತಿ. ಲ್ಯಾಪ್‌ಟಾಪ್ ಮತ್ತು ಚಾರ್ಜರ್ ಎರಡು ಕಿಲೋ, ಎರಡು ದಿನದ ಬಟ್ಟೆ ಎರಡು ಕಿಲೋ ಎಂದುಕೊಳ್ಳಿ. ಖಾಲಿ ಚೀಲವೇ ಒಂದು ಮುಕ್ಕಾಲು ಕಿಲೋ ತೂಗಿದರೆ ಶೂ ಇಡಲು ಯೋಚಿಸಬೇಕಾಗುತ್ತದೆ. ಖಾಲಿ ತೂಕ ಸುಮಾರು ಒಂದು ಕಿಲೋ ಇರುವುದನ್ನು ಹುಡುಕಿ, 1.3 ದಾಟಿದರೆ ಅಲ್ಲೇ ಇಟ್ಟು ಬನ್ನಿ.

ಈಗ ಬೆನ್ನಿನ ವಿಷಯ. ಮಾರುಕಟ್ಟೆಯಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಬಿಲ್ಲಿನಂತೆ ಬಾಗಿದ ಕಂಬಿಗೆ ಜಾಲರಿ ಬಿಗಿದಿರುತ್ತಾರೆ, ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿಯಾಡುತ್ತದೆ. ಜರ್ಮನಿಯ ಡಾಯ್ಟರ್ ಕಂಪನಿ 1984ರಲ್ಲಿ ಈ ಬಗೆಯದನ್ನು ತಂದಿತು, ಈಗ ಬಹುತೇಕ ಎಲ್ಲರೂ ಮಾಡುತ್ತಾರೆ. ಇನ್ನೊಂದರಲ್ಲಿ ಚಪ್ಪಟೆ ಫೋಮ್, ಅದರ ನಡುವೆ ಗಾಳಿಗೆ ಒಂದೆರಡು ಕಾಲುವೆ. ಮೊದಲನೆಯದನ್ನು ತೊಟ್ಟು ಅಂಗಡಿಯ ಕನ್ನಡಿಯ ಮುಂದೆ ನಿಂತರೆ ಎಂಥವರಿಗೂ ಅದೇ ಬೇಕೆನ್ನಿಸುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅದರ ಸುಖವನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ಬಾಗಿದ ಕಂಬಿ ಚೀಲದ ದಪ್ಪದಲ್ಲಿ ಕೆಲವು ಸೆಂಟಿಮೀಟರುಗಳನ್ನು ಸುಮ್ಮನೆ ನುಂಗುತ್ತದೆ, ಒತ್ತಿದರೂ ತಗ್ಗುವುದಿಲ್ಲ. ಲ್ಯಾಪ್‌ಟಾಪ್ ನೆಟ್ಟಗೆ ಕೂರಲು ಜಾಗವಿಲ್ಲ. ಭಾರ ಬೆನ್ನಿನಿಂದ ದೂರ ಸರಿಯುವುದರಿಂದ ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯುತ್ತದೆ. ಮುಳ್ಳಯ್ಯನಗಿರಿಯ ಸರ್ಪದಾರಿಯಲ್ಲಿ ಜಾರುವ ಹುಲ್ಲಿನ ಮೇಲೆ ಇಳಿದವರಿಗೆ ಆ ಎಳೆತ ಏನೆಂದು ಗೊತ್ತು. ಜೂನ್ ಬಂತೆಂದರೆ ನಮ್ಮ ಕಡೆ ಬೆನ್ನು ಒಣಗಿರುವ ಪ್ರಶ್ನೆಯೇ ಇಲ್ಲ, ಮಳೆಯಲ್ಲದಿದ್ದರೆ ಮಂಜು, ಮಂಜಲ್ಲದಿದ್ದರೆ ರೇನ್‌ಕೋಟಿನೊಳಗಿನ ಬೆವರು. ಹಾಗಾಗಿ ನನ್ನ ಮತ ಚಪ್ಪಟೆ ಬೆನ್ನಿಗೆ.

ಬೆನ್ನಿನ ಉದ್ದವನ್ನೂ ಅಳೆದುಕೊಳ್ಳಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಮೂಳೆಗಳ ಮೇಲ್ತುದಿಯ ಮಟ್ಟದವರೆಗೆ ಟೇಪು ಹಿಡಿಯಬೇಕು. ನಿಮ್ಮ ಎತ್ತರಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ, ಆರಡಿ ಆಳಿನ ಬೆನ್ನು ಗಿಡ್ಡವಾಗಿರಬಹುದು. ಅಳತೆ ಕೂಡಿಬಂದರೆ ಮಾತ್ರ ಸೊಂಟದ ಪಟ್ಟಿ ಮೂಳೆಯ ಮೇಲೆ ಕೂತು ಭಾರ ಹೊರುತ್ತದೆ, ಇಲ್ಲವಾದರೆ ಹೊಟ್ಟೆ ಬಿಗಿಯುವ ದಾರವಷ್ಟೇ. ಬೇಸಿಗೆಯಲ್ಲಿ ನಮ್ಮ ಹುಲ್ಲುಗಾವಲಿನ ಗುಡ್ಡಗಳ ನೆತ್ತಿಯಲ್ಲಿ ನೀರು ಸಿಗುತ್ತದೆಂದು ನಂಬುವಂತಿಲ್ಲ. ಮೂರು ಲೀಟರ್ ನೀರೆಂದರೆ ಮೂರು ಕಿಲೋ, ಬುತ್ತಿ, ರೇನ್‌ಕೋಟು ಸೇರಿ ಆರೇಳು ಕಿಲೋ ಆಗಿಬಿಡುತ್ತದೆ. ಅಷ್ಟನ್ನು ಹೆಗಲೊಂದೇ ಹೊತ್ತರೆ ಸಂಜೆಗೆ ಕತ್ತು ಮಾತು ಕೇಳುವುದಿಲ್ಲ. ಸ್ಪಂಜಿರುವ ಸೊಂಟದ ಪಟ್ಟಿ ಇರಲಿ, ವಿಮಾನದಲ್ಲಿ ಅದನ್ನು ಹಿಂದಕ್ಕೆ ಮಡಚಿ ಬಕಲ್ ಹಾಕಿದರೆ ಆಯಿತು.

ಮಳೆಗೆ ಬಂದರೆ, 'ವಾಟರ್‌ಪ್ರೂಫ್' ಎಂಬ ಚೀಟಿಗೆ ಹಣ ಕೊಡಬೇಡಿ. ಬಟ್ಟೆ ನೀರು ತಡೆದರೂ ಹೊಲಿಗೆ ಮತ್ತು ಜಿಪ್ ತಡೆಯುವುದಿಲ್ಲ. ಜೊತೆಗೆ ಬರುವ ರೇನ್ ಕವರ್ ಹಾಸನದ ಬಸ್ ನಿಲ್ದಾಣದ ಮಳೆಗೆ ಸರಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ, ಹೋಗದಿದ್ದರೆ ಬೆನ್ನಿನ ಕಡೆಯಿಂದ ಇಳಿದ ನೀರು ಅದರ ತಳದಲ್ಲೇ ನಿಲ್ಲುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಲವೊಂದನ್ನು ಒಳಗೆ ಇಳಿಬಿಟ್ಟು, ಸಾಮಾನೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಿ. ರಸಗೊಬ್ಬರದ ಚೀಲದ ಒಳಪದರ ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ಚೆನ್ನಾಗಿ ತೊಳೆಯಿರಿ, ಯೂರಿಯಾ ವಾಸನೆಯ ಚಪಾತಿ ಯಾರಿಗೂ ಬೇಡ.

ವಿಶ್ರಮಿಸುವಾಗ ಚೀಲವನ್ನು ಎಲೆ ಬಿದ್ದ ನೆಲದ ಮೇಲೆ ಇಡಬೇಡಿ, ಬಂಡೆಯ ಮೇಲಿಡಿ. ಇಂಬಳಗಳಿಗೆ ಸ್ಪಂಜಿನ ಸಂದುಗಳೆಂದರೆ ಪ್ರೀತಿ. ಮನೆಗೆ ಬಂದ ಮೇಲೆ ಇನ್ನೊಂದು ಶತ್ರು ಕಾದಿರುತ್ತದೆ. ಹೆಚ್ಚಿನ ಚೀಲಗಳ ಒಳಮೈಗೆ ಪಾಲಿಯುರಿಥೇನ್ ಲೇಪನವಿರುತ್ತದೆ. ತೇವ ಮತ್ತು ಶಾಖ ಸೇರಿದಲ್ಲಿ ಅದು ನಿಧಾನವಾಗಿ ಒಡೆಯುತ್ತದೆ, ಮೊದಲು ಅಂಟಂಟಾಗಿ, ಆಮೇಲೆ ಬಿಳಿ ಹೊಟ್ಟಿನಂತೆ ಉದುರುತ್ತದೆ. ಮಲೆನಾಡಿನ ಅಟ್ಟದ ಮೇಲೆ ಒದ್ದೆ ಚೀಲ ಎಸೆದರೆ ಬೂಸ್ಟು ಬೇರೆ. ಎಲ್ಲ ಜಿಪ್ ತೆರೆದು ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸಿ; ವಾಷಿಂಗ್ ಮೆಷಿನ್‌ಗೆ ಹಾಕಲೇಬೇಡಿ.

ಜಿಪ್ಪಿನ ಮಾತು ಬೇಗ ಮುಗಿಸುತ್ತೇನೆ: ಮುಂಭಾಗ ಅರ್ಧದಷ್ಟಾದರೂ ತೆರೆಯುವಂತಿರಲಿ, ಪೂರ್ತಿ ಸೂಟ್‌ಕೇಸಿನಂತೆ ತೆರೆಯಬೇಕಾಗಿಲ್ಲ. ಕಂಪನಿಯ ಹೆಸರೂ ಅಷ್ಟೇ. ಬೆಂಗಳೂರಿನದೇ ಆದ ವೈಲ್ಡ್‌ಕ್ರಾಫ್ಟ್ ಇರಲಿ, ಡೆಕಾಥ್ಲಾನಿನ ಕೆಚುವಾ ಇರಲಿ, ಹಣವಿದ್ದರೆ ಆಸ್ಪ್ರೇ ಇರಲಿ, ಮೇಲಿನ ಅಳತೆಗಳಿಗೆ ಒಪ್ಪಿದ್ದನ್ನು ತೆಗೆದುಕೊಳ್ಳಿ. ಕೊಂಡ ಮೇಲೆ ಟ್ಯಾಗ್ ಕೀಳದೆ ಐದು ಕಿಲೋ ಅಕ್ಕಿ, ಎರಡು ಬಾಟಲಿ ನೀರು ತುಂಬಿ ಮನೆಯ ಮೆಟ್ಟಿಲುಗಳನ್ನು ಅರ್ಧ ಗಂಟೆ ಹತ್ತಿ ಇಳಿಯಿರಿ. ಶ್ರವಣಬೆಳಗೊಳ ನಿಮಗೆ ಹತ್ತಿರ, ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಇನ್ನೂ ಒಳ್ಳೆಯ ಪರೀಕ್ಷೆ, ಬರಿಗಾಲಿನಲ್ಲಿ ಹತ್ತಬೇಕು ಎನ್ನುವುದು ನೆನಪಿರಲಿ.

ಬೆಟ್ಟದ ಚೀಲವನ್ನೇ ವಿಮಾನಕ್ಕೆ ಒಯ್ಯುವವರು ಹೊರಡುವ ಹಿಂದಿನ ರಾತ್ರಿ ಅದನ್ನು ಪೂರ್ತಿ ಬೋರಲು ಹಾಕಿ ಕೊಡವಬೇಕು. ಮೇಲಿನ ಜೇಬಿನಲ್ಲಿ ಉಳಿದ ಚಾಕು, ಅಡಿಕೆ ಕತ್ತರಿ, ಬೆಂಕಿಪೊಟ್ಟಣ ಎಲ್ಲವೂ ಭದ್ರತಾ ತಪಾಸಣೆಯಲ್ಲಿ ಕೈಬಿಡಬೇಕಾದವು. ಚಾರಣದ ಕೋಲನ್ನೂ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತಿರುಗುಮುರುಗು, ಅದು ನಿಮ್ಮ ಜೊತೆಯಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿರಬೇಕು; 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ. ಗೂಡು ತುಂಬಿದೆ ಎಂದು ಗೇಟಿನಲ್ಲಿ ಚೀಲವನ್ನು ಕೆಳಕ್ಕೆ ಕಳುಹಿಸಿದರೆ, ಕೊಡುವ ಮುಂಚೆ ಪವರ್ ಬ್ಯಾಂಕನ್ನು ತೆಗೆದಿಟ್ಟುಕೊಳ್ಳಿ. ಅರಸೀಕೆರೆ ಕಡೆಯ ನೆಂಟರು ದೆಹಲಿಯವರಿಗೆಂದು ಒಣಕೊಬ್ಬರಿ ಕಟ್ಟಿಕೊಟ್ಟರೆ ಅದು ಕೈಚೀಲದಲ್ಲೂ ಇಲ್ಲ, ಚೆಕ್-ಇನ್‌ನಲ್ಲೂ ಇಲ್ಲ. ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಬಲ್ಲ ವಸ್ತು ಎಂದು ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ರೈಲಿನಲ್ಲಿ ಹೋಗುವವರ ಕೈಯಲ್ಲಿ ಕಳುಹಿಸಿ.