ಕ್ಯಾಲಿಫೋರ್ನಿಯಾಗೆ ಟಿಎ (ಬೋಧನಾ ಸಹಾಯಕ) ಆಗಿ ಹೋಗ್ತಿದ್ದೇನೆ, ಲ್ಯಾಬಿನಲ್ಲಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳೇ ಜಾಸ್ತಿ. ನಾನೇನು ಮಾಡಬಹುದು?

ಫ್ರೆಸ್ನೋ ಕಡೆಯ ಯೂನಿವರ್ಸಿಟಿಯಲ್ಲಿ ಟಿಎ ಕೆಲಸ ಸಿಕ್ಕಿದೆ ಎಂದಿದ್ದೀರಿ, ಸಂತೋಷ. "ಹೊರಗಿನಿಂದ ಬಂದ ನಾನು ಲ್ಯಾಟಿನೋ ಮಕ್ಕಳಿಗೆ ಏನು ನೆರವಾಗಬಲ್ಲೆ? ಅವರಿಗೇ ಅಂತ ಕ್ಯಾಂಪಸ್ಸಿನಲ್ಲಿ ನೆರವಿನ ಸೆಂಟರ್ ಇದೆಯಲ್ಲ" ಎಂದೂ ಕೇಳಿದ್ದೀರಿ. ನಾನು ಫ್ರೆಸ್ನೋ ಇರುವ ಅದೇ ಸೆಂಟ್ರಲ್ ವ್ಯಾಲಿ ಕಣಿವೆಯಲ್ಲಿ ಲ್ಯಾಬ್ ಕಲಿಸುತ್ತೇನೆ. ನಿಮ್ಮ ಆ ಕೊನೆಯ ಮಾತಿಗೇ ನನ್ನ ತಕರಾರು.

ಸೆಂಟರ್ ಇದೆ, ನಿಜ. ಅದೂ ಸುಮ್ನೆ ಬಂದದ್ದಲ್ಲ. 1968ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲ್ ಮಕ್ಕಳು ಕ್ಲಾಸ್ ಬಿಟ್ಟು ಬೀದಿಗಿಳಿದರು. ಮರುವರ್ಷ ಸಾಂಟಾ ಬಾರ್ಬರಾದಲ್ಲಿ ಚಿಕಾನೋ (ಮೆಕ್ಸಿಕನ್ ಮೂಲದ ಅಮೆರಿಕನ್) ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಕೂತು, ಕಾಲೇಜಿನಲ್ಲಿ ನಮ್ಮವರಿಗೂ ನಮ್ಮ ಚರಿತ್ರೆಗೂ ಜಾಗ ಬೇಕು ಎಂದು ಒಂದು ಯೋಜನೆಯನ್ನೇ ಬರೆದಿಟ್ಟರು. ಈಗಿನ ಎಷ್ಟೋ ಚಿಕಾನೋ ಅಧ್ಯಯನ ವಿಭಾಗಗಳ ಬೇರು ಅಲ್ಲಿದೆ.

ಆದರೆ ಸೆಂಟರ್ ಇದೆ ಅಂತ ಉಳಿದವರು ಕೈ ತೊಳೆದುಕೊಳ್ಳುತ್ತಾರೆ. ನಾನು ಕಂಡಂತೆ ನಡೆಯುವುದು ಹೀಗೆ: ಫೀಸ್ ತೊಂದರೆಯಿರಲಿ, ಮನೆಯ ತೊಂದರೆಯಿರಲಿ, ವಿದ್ಯಾರ್ಥಿ ಬಂದ ಕೂಡಲೇ ವಿಭಾಗದಲ್ಲಿರುವ ಒಬ್ಬರೇ ಲ್ಯಾಟಿನಾ ಪ್ರೊಫೆಸರ್ ಕಡೆಗೆ ಸಾಗಹಾಕುವುದು. ಅವರ ಬಾಗಿಲಲ್ಲಿ ಸದಾ ಸಾಲು. ಇರುವ ಬರುವ ಕಮಿಟಿಗೆಲ್ಲ ಅವರೇ ಬೇಕು. ಪ್ರಮೋಷನ್ ಬಂದಾಗ ಮಾತ್ರ, ಪೇಪರ್ ಎಷ್ಟು ಬರೆದಿರಿ ಅಂತ ಪ್ರಶ್ನೆ! ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಅಮಾಡೋ ಪಡಿಯಾ 1994ರಲ್ಲೇ ಇದನ್ನು 'ಸಾಂಸ್ಕೃತಿಕ ತೆರಿಗೆ' ಎಂದು ಕರೆದಿದ್ದರು. ಇವತ್ತಿಗೂ ಆ ತೆರಿಗೆ ಇಳಿದಿಲ್ಲ. ಅಮೆರಿಕದ ಜನರಲ್ಲಿ ಸುಮಾರು ಐವರಿಗೊಬ್ಬರು ಲ್ಯಾಟಿನೋ. ಪೂರ್ಣಾವಧಿ ಅಧ್ಯಾಪಕರಲ್ಲಿ ನೂರಕ್ಕೆ ಆರರ ಆಸುಪಾಸು.

ಪದವಿ ವಿದ್ಯಾರ್ಥಿಗಳಲ್ಲಿ ಶೇ. 25 ಲ್ಯಾಟಿನೋಗಳು (ಸರ್ಕಾರಿ ಲೆಕ್ಕದಲ್ಲಿ 'ಹಿಸ್ಪಾನಿಕ್') ಇದ್ದರೆ ಕಾಲೇಜಿಗೆ ಎಚ್‌ಎಸ್‌ಐ (ಹಿಸ್ಪಾನಿಕ್ ವಿದ್ಯಾರ್ಥಿಗಳಿಗೆ ಸೇವೆ ನೀಡುವ ಸಂಸ್ಥೆ) ಎಂಬ ಮಾನ್ಯತೆ, ಅದರಿಂದ ಫೆಡರಲ್ ಅನುದಾನಕ್ಕೆ ಅರ್ಹತೆ ಸಿಗುತ್ತದೆ. ಕಲಿಸುವವರ ಲೆಕ್ಕ ಅದರಲ್ಲಿ ಬರುವುದೇ ಇಲ್ಲ. ಆ ಹಣದಲ್ಲಿ ನಡೆಯುವ ಟ್ಯೂಟರಿಂಗ್‌ಗೆ ಯಾರು ಬೇಕಾದರೂ ಹೋಗಬಹುದು. 2025ರ ಸೆಪ್ಟೆಂಬರ್‌ನಲ್ಲಿ ಫೆಡರಲ್ ಶಿಕ್ಷಣ ಇಲಾಖೆ ಅದರಲ್ಲಿ ಬಹುಪಾಲು ಅನುದಾನ ನಿಲ್ಲಿಸಿತು. ಹಾಗಾಗಿ ಟಿಎಗಳ ಮೇಲೆ ಹೊರೆ ಇನ್ನೂ ಜಾಸ್ತಿ.

ನಿಮ್ಮ ಲ್ಯಾಬಿನಲ್ಲಿ ನೀವೇ ಮಾಡಬಹುದಾದ್ದು ಬೇಕಾದಷ್ಟಿದೆ. ನನ್ನ ಲ್ಯಾಬಿನ ಒಬ್ಬ ಹುಡುಗಿ ಪದೇ ಪದೇ ಫೋನ್ ಹಿಡಿದು ಹೊರಗೆ ಹೋಗುತ್ತಿದ್ದಳು. ಅಶಿಸ್ತು ಅನ್ನಿಸುತ್ತೆ, ಅಲ್ವಾ? ಅವಳು ಕಾರಿಡಾರಿನಲ್ಲಿ ಗಾಗಲ್ಸ್ ಹಣೆಗೇರಿಸಿಕೊಂಡು, ಆಸ್ಪತ್ರೆಯವರ ಇಂಗ್ಲಿಷನ್ನು ಅಮ್ಮನಿಗೆ ಸ್ಪ್ಯಾನಿಷ್‌ನಲ್ಲಿ, ಅಮ್ಮನ ಸ್ಪ್ಯಾನಿಷನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಇಂಥವರಿಗೆ ಮೇಕಪ್ ಲ್ಯಾಬ್ (ತಪ್ಪಿಹೋದದ್ದನ್ನು ಮತ್ತೆ ಮಾಡುವ ಲ್ಯಾಬ್) ದಿನಾಂಕವನ್ನು ಸೆಮಿಸ್ಟರ್ ಶುರುವಿನಲ್ಲೇ ಹೇಳಿಬಿಡಿ. ಬಂದು ಬೇಡಿಕೊಳ್ಳಲಿ ಅಂತ ಕಾಯಬೇಡಿ. ಪುಸ್ತಕದ ಹಳೇ ಆವೃತ್ತಿ ಸಾಕಾದರೆ ಅದನ್ನೂ ಹೇಳಿ.

ಎಲ್ಲರೂ ಮೆಕ್ಸಿಕೊದಿಂದ ಬಂದವರು ಅಂದುಕೊಳ್ಳಬೇಡಿ. ಬಹಳಷ್ಟು ಮಕ್ಕಳು ಹುಟ್ಟಿದ್ದೇ ಇಲ್ಲಿ. ಎಲ್ಲರ ಮನೆಮಾತೂ ಸ್ಪ್ಯಾನಿಷ್ ಅಲ್ಲ. ಈ ಕಣಿವೆಯ ಹೊಲಗಳಲ್ಲಿ ದುಡಿಯುವ, ದಕ್ಷಿಣ ಮೆಕ್ಸಿಕೊದ ಓಹಾಕಾ ರಾಜ್ಯದ ಎಷ್ಟೋ ಕುಟುಂಬಗಳಲ್ಲಿ ಮನೆಮಾತು ಮಿಕ್ಸ್ಟೆಕೊ ಎಂಬ ಮೂಲನಿವಾಸಿ ಭಾಷೆ. ಮಂಗಳೂರಿನವರ ಮನೆಮಾತು ತುಳುವೋ ಕೊಂಕಣಿಯೋ ಆಗಿರುವ ಹಾಗೆ. ಸ್ಪ್ಯಾನಿಷ್ ಅವರಿಗೂ ಕಲಿತ ಭಾಷೆಯೇ.

ವಲಸೆ ಕಾಗದಪತ್ರದ ವಿಚಾರ ಯಾರನ್ನೂ ಕೇಳಬೇಡಿ. ಅವರಾಗಿಯೇ ಹೇಳಿಕೊಂಡರೆ ಇಮೇಲಿನಲ್ಲಿ ಬರೆಯಬೇಡಿ. ಕಾಗದಪತ್ರ ಇಲ್ಲದವರಿಗೆ ಫೆಡರಲ್ ನೆರವಿಲ್ಲ. ಆದರೆ 2001ರ ರಾಜ್ಯ ಕಾನೂನಿನಂತೆ ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷ ಹೈಸ್ಕೂಲ್ ಓದಿ ಪಾಸಾದವರಿಗೆ ಸ್ಥಳೀಯರ ಫೀಸೇ ಸಿಗಬಹುದು. ಇಂಥವರಿಗಾಗಿಯೇ ಇರುವ ರಾಜ್ಯದ ಡ್ರೀಮ್ ಆಕ್ಟ್ ಕಾನೂನಿನಡಿ ಅರ್ಜಿ ಹಾಕಿದರೆ ರಾಜ್ಯದ ನೆರವಿಗೂ ದಾರಿ ಇದೆ. ಅದನ್ನು ನೋಡಿಕೊಳ್ಳುವವರು ಯಾರು ಅಂತ ಮೊದಲ ವಾರವೇ ವಿಚಾರಿಸಿಕೊಳ್ಳಿ.

ಸಿಬ್ಬಂದಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಟ್ಟಡವನ್ನು ರಾತ್ರಿ ಗುಡಿಸಿ ಒರೆಸುವವರಲ್ಲಿ ಹೆಚ್ಚಿನವರು ಲ್ಯಾಟಿನೋಗಳು. ಅವರ ಸುರಕ್ಷತಾ ತರಬೇತಿ ಇಟ್ಟದ್ದು ಮಧ್ಯಾಹ್ನ 2 ಗಂಟೆಗೆ, ಅವರು ಮಲಗುವ ಹೊತ್ತಿಗೆ, ಅದೂ ಬರೀ ಇಂಗ್ಲಿಷಿನಲ್ಲಿ! ನಿಮ್ಮ ಲ್ಯಾಬಿನಲ್ಲಿ ಆಸಿಡ್ ಚೆಲ್ಲಿದರೆ ಬಕೆಟ್ ಹಿಡಿದು ಅವರು ಬರಲಿ ಅಂತ ಬಿಡಬೇಡಿ. ಸುರಕ್ಷತಾ ವಿಭಾಗಕ್ಕೆ ಫೋನ್ ಮಾಡಿ, ಬಾಗಿಲಿಗೆ ಎರಡೂ ಭಾಷೆಯಲ್ಲಿ ಚೀಟಿ ಅಂಟಿಸಿ. ಬರೆದುಕೊಡಲು ನಿಮ್ಮ ವಿದ್ಯಾರ್ಥಿಗಳೇ ಮುಂದೆ ಬರುತ್ತಾರೆ.