‘ಪ್ಯೂರ್ ಸಿಲ್ಕ್’ ಅಂತ ಹೇಳಿ ಪಾಲಿಯೆಸ್ಟರ್ ಸೀರೆ ಕಳಿಸಿದ್ದಾರೆ, ಸೆಲ್ಲರ್‌ನನ್ನು ಒಪ್ಪಿಸುವುದು ಹೇಗೆ?

ಒಪ್ಪಿಸಲು ಹೋಗಲೇಬೇಡಿ. ನಾನು ಆನ್‌ಲೈನ್ ಬಟ್ಟೆ ವ್ಯಾಪಾರದ ರಿಟರ್ನ್ ವಿಭಾಗದಲ್ಲಿ ಕೆಲಸ ಮಾಡಿದವಳು, ನಿಮ್ಮಂಥವರ ದೂರುಗಳನ್ನು ಆ ಕಡೆ ಕೂತು ಓದಿದವಳು. ಫೋನಿನಲ್ಲಿ ಎಷ್ಟೇ ಜಗಳವಾಡಿದರೂ ಅದು ದಾಖಲೆಯಲ್ಲಿ ಒಂದು ಸಾಲೂ ಆಗುವುದಿಲ್ಲ. ‘ಅರ್ಧ ದುಡ್ಡು ಕೊಡ್ತೀನಿ, ಸೀರೆ ನೀವೇ ಇಟ್ಕೊಳ್ಳಿ’ ಅಂದಿದ್ದಾನೆ ಎಂದು ಬರೆದಿದ್ದೀರಿ. ಅದಕ್ಕೆ ಹೂಂ ಅಂದರೆ ದೂರು ‘ಇತ್ಯರ್ಥವಾಗಿದೆ’ ಎಂದು ಮುಚ್ಚಿಹೋಗುತ್ತದೆ. ಮಿಕ್ಕ ಅರ್ಧವನ್ನು ಆಮೇಲೆ ಕೇಳುವುದು ಬಹಳ ಕಷ್ಟ.

ಈಗ ಮುಖ್ಯ ವಿಷಯ. ನೂಲು ಸುಟ್ಟು ನೋಡಿದ್ದೀರಾ? ನೋಡಿಲ್ಲವಾದರೆ ನೋಡಬೇಡಿ. ಇಂಥ ವ್ಯಾಜ್ಯದಲ್ಲಿ ಗ್ರಾಹಕರು ಸೋಲುವುದು ಇಲ್ಲೇ. ಪರೀಕ್ಷೆಯಲ್ಲಿ ತಪ್ಪಿಲ್ಲ: ರೇಷ್ಮೆ ನಿಧಾನವಾಗಿ ಉರಿದು ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗಿ ನಿಲ್ಲುತ್ತದೆ, ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ನೂಲು) ಆದರೆ ಕಾಗದದ ವಾಸನೆ. ಆದರೆ ನೂಲು ಎಳೆದ ಕ್ಷಣವೇ ಅದು ‘ಬಳಸಿದ, ಹಾಳಾದ’ ಸೀರೆ ಎನಿಸಿಕೊಳ್ಳುತ್ತದೆ. ಗೋದಾಮಿನಲ್ಲಿ ಪರಿಶೀಲಿಸುವವನಿಗೆ ರೇಷ್ಮೆ ಗೊತ್ತಿರಬೇಕೆಂದಿಲ್ಲ. ಅವನು ನೋಡುವುದು ಟ್ಯಾಗ್ ಇದೆಯೇ, ಮಡಿಕೆ ಕೆಟ್ಟಿದೆಯೇ, ಬಟ್ಟೆಗೆ ಕತ್ತರಿ ಬಿದ್ದಿದೆಯೇ ಅಷ್ಟೆ. ಇಲ್ಲೊಂದು ಕೊರತೆ ಸಿಕ್ಕರೆ ರಿಟರ್ನ್ ತಿರಸ್ಕಾರ, ಸೀರೆ ಮತ್ತೆ ನಿಮ್ಮ ಬಾಗಿಲಿಗೆ. ನೀವು ಸುಟ್ಟ ವೀಡಿಯೊ ಕಳಿಸಿದರೆ ‘ಅದು ನಮ್ಮ ಸೀರೆಯ ನೂಲೇ ಅನ್ನುವುದಕ್ಕೆ ಏನು ಗ್ಯಾರಂಟಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸೆರಗಿನ ಕೊನೆಯಲ್ಲಿ ಬಿಟ್ಟಿರುವ ಎಳೆಗಳನ್ನು ಕಿತ್ತರೆ ಏನೂ ಹಾಳಾಗದು ಅಂದುಕೊಳ್ಳುತ್ತಾರೆ. ಆದರೆ ಆ ಎಳೆಗಳು ಬರೀ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ನೂಲು; ಅಡ್ಡಕ್ಕೆ ನೇಯುವುದು ಹೊಕ್ಕು. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರುವ ಸೀರೆಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಸುಟ್ಟು, ಕೂದಲಿನ ವಾಸನೆ ಬಂತೆಂದು ಸುಮ್ಮನಾದವರೂ ಮೋಸಹೋಗಿರಬಹುದು. ಫಾಲ್ ಹಚ್ಚಿಸುವುದು, ಕುಚ್ಚು ಕಟ್ಟಿಸುವುದು, ಬ್ಲೌಸ್ ಪೀಸ್ ಕತ್ತರಿಸುವುದು ಕೂಡ ಸುಟ್ಟಷ್ಟೇ ನಷ್ಟ. ಹಬ್ಬ ಹತ್ತಿರ ಬಂತೆಂದು ಮೊದಲು ಟೈಲರ್ ಹತ್ತಿರ ಓಡಿ, ಆಮೇಲೆ ಅನುಮಾನಪಡುವವರೇ ಹೆಚ್ಚು.

ಹಾಗಾದರೆ ಸಾಬೀತು ಮಾಡುವುದು ಹೇಗೆ? ಬಿಲ್ಲು ತೆಗೆಯಿರಿ. ಸರಕಿನ ಹೆಸರಿನ ಪಕ್ಕ ಎಚ್‌ಎಸ್‌ಎನ್ ಅಂಕಿ (ತೆರಿಗೆಗಾಗಿ ಸರಕಿನ ಬಗೆ ತಿಳಿಸುವ ಕೋಡ್) ಇದ್ದರೆ ಮೊದಲ ನಾಲ್ಕು ಅಂಕಿ ನೋಡಿ. 5007 ಎಂದರೆ ರೇಷ್ಮೆ ಬಟ್ಟೆ. 5407 ಎಂದರೆ ಪಾಲಿಯೆಸ್ಟರ್‌ನಂಥ ಸಿಂಥೆಟಿಕ್ ಫಿಲಮೆಂಟ್ ನೂಲಿನ ಬಟ್ಟೆ, 5408 ವಿಸ್ಕೋಸ್ ಬಗೆಯದು. ಪುಟದಲ್ಲಿ ‘ಪ್ಯೂರ್ ಸಿಲ್ಕ್’ ಬರೆದು ಬಿಲ್ಲಿನಲ್ಲಿ 5407 ಹಾಕುವ ಸೆಲ್ಲರ್‌ಗಳಿದ್ದಾರೆ. ಅದು ಅವರ ಕೈಯಿಂದಲೇ ಬಂದ ತಪ್ಪೊಪ್ಪಿಗೆ. 5007 ಇದ್ದ ಮಾತ್ರಕ್ಕೆ ಸೀರೆ ಅಸಲಿ ಎನ್ನುವ ಹಾಗಿಲ್ಲ, ಅದೂ ಗೊತ್ತಿರಲಿ. ಸಿಲ್ಕ್ ಮಾರ್ಕ್ ಟ್ಯಾಗ್ ಇದ್ದರೆ ಅದರ ಹೋಲೋಗ್ರಾಮ್, ನಂಬರ್ ಎರಡನ್ನೂ ಫೋಟೊ ತೆಗೆಯಿರಿ. ಸಿಲ್ಕ್ ಮಾರ್ಕ್ ಹೇಳುವುದು ರೇಷ್ಮೆ ಶುದ್ಧವೆಂದು ಮಾತ್ರ, ಜರಿಯ ಬಗ್ಗೆ ಅದು ಮಾತಾಡುವುದಿಲ್ಲ. ‘ಮೈಸೂರು ಸಿಲ್ಕ್’ ಎಂದು ಶೀರ್ಷಿಕೆಯಲ್ಲಿದ್ದರೆ ಅದನ್ನೂ ದೂರಿಗೆ ಸೇರಿಸಿ. ಆ ಹೆಸರಿನ ಜಿಐ (ಭೌಗೋಳಿಕ ಸೂಚಕ ನೋಂದಣಿ) ಇರುವುದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಬಳಿ.

ಮಾರಾಟದ ಪುಟವನ್ನು ಇವತ್ತೇ ಪಿಡಿಎಫ್ ಮಾಡಿಕೊಳ್ಳಿ. ಮೇಲೆ ದಪ್ಪಕ್ಷರದಲ್ಲಿ ‘ಪ್ಯೂರ್’, ಕೆಳಗೆ ವಿವರದ ಪಟ್ಟಿಯಲ್ಲಿ ‘ಆರ್ಟ್ ಸಿಲ್ಕ್’ (ಅಂದರೆ ಕೃತಕ ರೇಷ್ಮೆ) ಅಂತ ಎರಡೂ ಇರುವುದುಂಟು, ಎರಡೂ ಬರುವ ಹಾಗೆ ತೆಗೆಯಿರಿ. ದೂರು ಬಂದ ಮೇಲೆ ಶೀರ್ಷಿಕೆ ತಿದ್ದಿಬಿಡುತ್ತಾರೆ. ನಿಮ್ಮ ಆರ್ಡರ್‌ನಿಂದ ಕ್ಲಿಕ್ ಮಾಡಿದರೆ ತೆರೆಯುವುದು ತಿದ್ದಿದ ಪುಟವೇ. ಇಮೇಲ್, ಬಿಲ್ಲು ಮಾತ್ರ ಹಾಗೇ ಉಳಿಯುತ್ತವೆ.

ರಿಟರ್ನ್ ಹಾಕುವಾಗ ಕಾರಣದ ಪಟ್ಟಿಯಲ್ಲಿ ‘ಇಷ್ಟವಾಗಲಿಲ್ಲ’, ‘ಗುಣಮಟ್ಟ ಸರಿಯಿಲ್ಲ’ ಒತ್ತಬೇಡಿ. ‘ವಿವರಣೆಗೆ ತಕ್ಕಂತಿಲ್ಲ’ ಎಂಬುದನ್ನೇ ಆರಿಸಿ. ಮೊದಲೆರಡೂ ನಿಮ್ಮ ಅಭಿಪ್ರಾಯ, ಮೂರನೆಯದು ಅವರ ಮಾತಿಗೂ ವಸ್ತುವಿಗೂ ಇರುವ ವ್ಯತ್ಯಾಸ. ಬರೆಯುವುದು ಇಷ್ಟೇ ಸಾಕು: ‘ಪುಟದಲ್ಲಿ ಪ್ಯೂರ್ ಸಿಲ್ಕ್ ಎಂದಿದೆ, ಬಿಲ್ಲಿನಲ್ಲಿ ಎಚ್‌ಎಸ್‌ಎನ್ 5407 ಇದೆ. ಸೀರೆ ಬಳಸಿಲ್ಲ, ಟ್ಯಾಗ್ ತೆಗೆದಿಲ್ಲ. ಪೂರ್ತಿ ಹಣ ವಾಪಸ್ ಬೇಕು.’ ಸಿಟ್ಟಿನ ಮಾತು ಒಂದೂ ಬೇಡ.

ಸೀರೆ ಕೊಟ್ಟು ಕಳಿಸುವಾಗ ಟ್ಯಾಗ್, ಮಡಿಕೆ, ಪ್ಯಾಕೆಟ್‌ಗೆ ಹಾಕುವುದು, ಅಂಟಿಸುವುದು, ಮೇಲಿನ ಲೇಬಲ್ಲಿನ ನಂಬರ್, ಎಲ್ಲ ಒಂದೇ ಓಟದ ವೀಡಿಯೊದಲ್ಲಿ ಬರಲಿ. ಪಿಕಪ್ ಆಯಿತೆಂಬ ಮೆಸೇಜ್ ಬರುವ ತನಕ ಪ್ಯಾಕೆಟ್ ಕೈಬಿಡಬೇಡಿ. ‘ಅನ್‌ಬಾಕ್ಸಿಂಗ್ ವೀಡಿಯೊ ಇಲ್ಲ, ಅದಕ್ಕೇ ರಿಟರ್ನ್ ಇಲ್ಲ’ ಎಂದರೆ ಹೆದರಬೇಕಿಲ್ಲ. ಅಂಥ ಷರತ್ತು 2020ರ ಇ-ಕಾಮರ್ಸ್ ನಿಯಮಗಳಲ್ಲಿ ಇಲ್ಲ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ವಸ್ತುವನ್ನು ವಾಪಸ್ ಪಡೆಯಲು, ಕೊಟ್ಟ ಹಣವನ್ನು ಹಿಂದಿರುಗಿಸಲು ಸೆಲ್ಲರ್ ನಿರಾಕರಿಸುವಂತಿಲ್ಲ ಎಂದು 6ನೇ ನಿಯಮ ಹೇಳುತ್ತದೆ.

ಇಷ್ಟಾದರೂ ಜಗ್ಗದಿದ್ದರೆ ಕಸ್ಟಮರ್ ಕೇರ್ ಜೊತೆ ಮಾತು ನಿಲ್ಲಿಸಿ, ನೀವು ಸೀರೆ ಕೊಂಡ ಆನ್‌ಲೈನ್ ಮಾರಾಟ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಅವರ ಹೆಸರು, ವಿಳಾಸ ವೆಬ್‌ಸೈಟಿನಲ್ಲಿ ಇರಲೇಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಜೊತೆಗೇ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡಿ. ಅವರು ಆದೇಶ ಮಾಡಲಾರರು, ಕಂಪನಿಗೆ ದೂರನ್ನು ದಾಟಿಸುತ್ತಾರೆ ಅಷ್ಟೆ. ಆದರೂ ಅಲ್ಲಿಂದ ಹೋದ ಕಾಗದಕ್ಕೆ ಕಂಪನಿಯೊಳಗೆ ಬೇರೆಯದೇ ಮರ್ಯಾದೆ ಇರುತ್ತದೆ.

ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಸೆಲ್ಲರ್ ಸೂರತ್‌ನಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷ ಕಾಲಾವಕಾಶ ಇದೆ. ಸೆಲ್ಲರ್, ವೇದಿಕೆ ಇಬ್ಬರನ್ನೂ ಪ್ರತಿವಾದಿ ಮಾಡಿ. ‘ನಾವು ಬರೀ ಮಧ್ಯವರ್ತಿ’ ಎಂದು ವೇದಿಕೆ ಹೇಳಿಯೇ ಹೇಳುತ್ತದೆ, ಹೇಳಲಿ. ನೂಲಿನ ಪರೀಕ್ಷೆಗೆ ಸರಿಯಾದ ಜಾಗವೂ ಇದೇ: ಆಯೋಗವೇ ಮಾದರಿ ತೆಗೆದು, ಮೊಹರು ಹಾಕಿ, ಪ್ರಯೋಗಾಲಯಕ್ಕೆ ಕಳಿಸಬಹುದು. ಆ ವರದಿಯನ್ನು ಸೆಲ್ಲರ್ ಸುಲಭವಾಗಿ ತಳ್ಳಿಹಾಕಲಾರ.

ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಇದರ ಜೊತೆಗೇ ಬ್ಯಾಂಕಿಗೆ ‘ವಿವರಣೆಗೆ ತಕ್ಕ ವಸ್ತು ಬಂದಿಲ್ಲ’ ಎಂದು ಡಿಸ್ಪ್ಯೂಟ್ ಹಾಕಿ. ಅದಕ್ಕೂ ಗಡುವಿದೆ, ತಡಮಾಡಬೇಡಿ. ಯುಪಿಐನಲ್ಲಿ ಕೊಟ್ಟಿದ್ದರೆ ಆ ದಾರಿಯ ಮೇಲೆ ಹೆಚ್ಚು ಆಸೆ ಬೇಡ. ಒಂದು ಸ್ಟಾರ್ ರಿವ್ಯೂ ಬರೆಯಲೇ ಎಂದೂ ಕೇಳಿದ್ದೀರಿ. ಬರೆಯಿರಿ, ಆದರೆ ಹಣ ಖಾತೆಗೆ ಬಂದ ಮೇಲೆ.