ದೀಪ ಉರೀತಾ ಇದ್ರೆ ಟ್ಯಾಂಕಿಗೆ ಇಳಿಯಬಹುದಾ?

ಕಾರ್ಖಾನೆಗಳಲ್ಲಿ ಸುರಕ್ಷತೆಯ ಕೆಲಸ ಹಿಡಿದು 24 ವರ್ಷವಾಯಿತು. ಕೆಳಗಿನ ಮೊದಲ ಪ್ರಶ್ನೆ ಆಗಿನಿಂದಲೂ ಬರುತ್ತಲೇ ಇದೆ. ಈ ಸಲ ಜಾಸ್ತಿ ಜಾಗ ಅದಕ್ಕೇ ಕೊಡುತ್ತೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಮ್ಮದು ಪೀಣ್ಯದಲ್ಲಿ ಸಣ್ಣ ತಿಂಡಿ ಫ್ಯಾಕ್ಟರಿ. ಕೊಳಚೆ ನೀರಿನ ಟ್ಯಾಂಕ್ 10 ಅಡಿ ಆಳ ಇದೆ. ವರ್ಷಕ್ಕೊಮ್ಮೆ ತಳದ ಕೆಸರು ತೆಗೆಸುತ್ತೇವೆ. ಮುಚ್ಚಳ ಅರ್ಧ ಗಂಟೆ ತೆಗೆದಿಟ್ಟು, ದೀಪ ಇಳಿಬಿಟ್ಟು ನೋಡುತ್ತೇವೆ. ಆರದಿದ್ದರೆ ಹುಡುಗರು ಇಳಿಯುತ್ತಾರೆ. ಇಷ್ಟು ಸಾಕಲ್ವಾ?

ಸಾಲದು. ದಯವಿಟ್ಟು ಯಾರನ್ನೂ ಇಳಿಸಬೇಡಿ.

ದೀಪಕ್ಕೆ ಗೊತ್ತಾಗುವುದು ಒಂದೇ ವಿಷಯ, ಆಮ್ಲಜನಕ ತೀರಾ ಕಡಿಮೆ ಇದೆಯಾ ಅಂತ. ಅದೂ ತಡವಾಗಿ. ಒಳ್ಳೆಯ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ. 19.5ಕ್ಕಿಂತ ಕೆಳಗಿದ್ದರೆ ನಾವು ಯಾರನ್ನೂ ಒಳಗೆ ಬಿಡುವುದಿಲ್ಲ. ಮೇಣದಬತ್ತಿ ಮಾತ್ರ 16ರ ಆಸುಪಾಸಿನವರೆಗೂ ಉರಿಯುತ್ತಲೇ ಇರುತ್ತದೆ.

ಅದಕ್ಕಿಂತ ದೊಡ್ಡ ಮೋಸ ಹೈಡ್ರೋಜನ್ ಸಲ್ಫೈಡ್‌ನದು. ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದೇ ಗ್ಯಾಸು. ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು, ಅಂದರೆ 100 ಪಿಪಿಎಂ ಆಗುತ್ತಿದ್ದಂತೆ ಮೂಗು ಸೋತುಹೋಗುತ್ತದೆ. ವಾಸನೆ ನಿಂತುಬಿಡುತ್ತದೆ. 'ವಾಸನೆ ಹೋಯ್ತು, ಇನ್ನು ಇಳೀಬಹುದು' ಅಂತ ಜನ ಇಳಿಯುವುದು ಆಗಲೇ. ಸಾವಿರದ ಹತ್ತಿರ ಹೋದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ಸಾವಿರ ಪಿಪಿಎಂ ಅಂದರೂ ಗಾಳಿಯಲ್ಲಿ ಅದರ ಪಾಲು ಶೇ 0.1 ಅಷ್ಟೇ. ದೀಪಕ್ಕೆ ಅದರಿಂದ ಏನೂ ಆಗುವುದಿಲ್ಲ. ಅದು ನೆಟ್ಟಗೆ ಉರಿಯುತ್ತಿರುತ್ತದೆ.

ಮೀಥೇನ್ ಇದ್ದರಂತೂ ಕೇಳಲೇಬೇಡಿ. ಗಾಳಿಯಲ್ಲಿ ಅದು ಶೇ 5ರಿಂದ 15ರವರೆಗೆ ಇದ್ದಾಗ ಕಿಡಿ ಸೋಕಿದರೆ ಸಿಡಿಯುತ್ತದೆ. ನೀವು ಅದರೊಳಗೆ ಬೆಂಕಿಯನ್ನೇ ಇಳಿಬಿಡುತ್ತಿದ್ದೀರಿ.

ಒಮ್ಮೆ ಒಂದು ಕಡೆ ತಪಾಸಣೆಗೆ ಹೋಗಿದ್ದೆ. ಡಾಲ್ಡಾ ಡಬ್ಬದಲ್ಲಿ ಮೇಣದಬತ್ತಿ ಇಟ್ಟು ಆಗಲೇ ಟ್ಯಾಂಕಿಗೆ ಇಳಿಬಿಟ್ಟಿದ್ದರು. ಜ್ವಾಲೆ ಅಲ್ಲಾಡದೆ ನಿಂತಿತ್ತು. ಒಬ್ಬ ಹುಡುಗ ಪ್ಯಾಂಟು ಮಡಚಿಕೊಂಡು ಏಣಿಯ ಮೇಲೆ ಒಂದು ಕಾಲು ಇಟ್ಟಿದ್ದ. ಅವನನ್ನು ಹಿಂದಕ್ಕೆ ಎಳೆದು, ಡಬ್ಬ ಮೇಲೆತ್ತಿಸಿ, ಗ್ಯಾಸ್ ಮೀಟರನ್ನು ಹಗ್ಗ ಕಟ್ಟಿ ಇಳಿಸಿದೆ. ಹೈಡ್ರೋಜನ್ ಸಲ್ಫೈಡ್ 6 ಪಿಪಿಎಂ ತೋರಿಸಿತು. 'ನೋಡಿ ಸಾರ್, ಏನೂ ಇಲ್ಲ' ಎಂದ ಮೇಸ್ತ್ರಿ. ಮೇಲಿನಿಂದಲೇ ಉದ್ದನೆಯ ಬಿದಿರಿನಿಂದ ಕೆಸರು ಕದಡಿಸಿದೆ. ಕೆಸರಲ್ಲಿ ಗುಳ್ಳೆ ಎದ್ದವು. ಮೀಟರ್ ಒಂದೇ ಸಮ ಕೂಗತೊಡಗಿತು. ಅದು ಅಳೆಯಬಲ್ಲದ್ದು 100ರವರೆಗೆ, ಗ್ಯಾಸು ಅದನ್ನೂ ದಾಟಿತ್ತು. ಆ ಹುಡುಗ ಇಳಿದು ಮೊದಲ ಹೆಜ್ಜೆ ಇಡಬೇಕಿದ್ದದ್ದು ಅದೇ ಕೆಸರಿಗೆ.

ಹಾಗಾಗಿ ಇಳಿಯುವ ಮುಂಚೆ ಒಂದು ಸಲ ಅಳೆದರೆ ಆಗುವುದಿಲ್ಲ. ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಕೆಲಸ ಮುಗಿಯುವವರೆಗೂ ಮೀಟರ್ ಇಳಿದವನ ಎದೆ ಮೇಲೇ ಇರಬೇಕು. ಮುಚ್ಚಳ ಅರ್ಧ ಗಂಟೆ ತೆಗೆದಿಟ್ಟರೂ ಪ್ರಯೋಜನವಿಲ್ಲ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಬ್ಲೋವರ್‌ನ ಪೈಪು ತಳದವರೆಗೆ ಇಳಿಸಿ ಹೊಸ ಗಾಳಿ ತಳ್ಳಬೇಕು, ನಡುವೆ ನಿಲ್ಲಿಸಬಾರದು. ಬ್ಲೋವರ್ ಬದಲು ಆಕ್ಸಿಜನ್ ಸಿಲಿಂಡರ್ ಬಿಡುವವರೂ ಇದ್ದಾರೆ. ಅದು ಬೆಂಕಿಗೆ ದಾರಿ, ಬೇಡವೇ ಬೇಡ.

ನಾನಾದರೆ ಇದನ್ನೂ ಮಾಡಿಸುವುದಿಲ್ಲ. ಕೆಸರು ಹೀರುವ ಸಕ್ಕಿಂಗ್ ಗಾಡಿ, ರಭಸವಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಗಾಡಿ ತರಿಸಿ ಮೇಲಿನಿಂದಲೇ ಮುಗಿಸುತ್ತೇನೆ. ಒಳಗೆ ಇಳಿಯಲೇಬೇಕಾದ ಕೆಲಸ ನಿಜಕ್ಕೂ ಬಹಳ ಕಡಿಮೆ. ಅಂಥದ್ದು ಬಂದರೆ ತರಬೇತಿ ಇರುವ ತಂಡವೇ ಬರಲಿ. ಅವರ ಬಳಿ ಗಾಳಿ ಪೂರೈಸುವ ಉಸಿರಾಟದ ಉಪಕರಣ, ಮೈಗೆ ಹಾರ್ನೆಸ್ (ಹಗ್ಗ ಸಿಕ್ಕಿಸುವ ಪಟ್ಟಿ), ಟ್ಯಾಂಕಿನ ಬಾಯಿಯ ಮೇಲೆ ಎತ್ತಲು ಮೂರು ಕಾಲಿನ ಟ್ರೈಪಾಡ್ ಇರಬೇಕು. ಒದ್ದೆ ಕರ್ಚೀಫು, ಎನ್-95, ಫಿಲ್ಟರ್ ಮಾಸ್ಕು ಯಾವುದೂ ಆಮ್ಲಜನಕ ಕೊಡುವುದಿಲ್ಲ.

ಇನ್ನೊಂದು ವಿಷಯ ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಒಬ್ಬ ಬೀಳುತ್ತಾನೆ. ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ. ಆಮೇಲೆ ಮೇಸ್ತ್ರಿ. ಪೇಪರಲ್ಲಿ 'ಮೂವರ ಸಾವು' ಅಂತ ಬರುತ್ತದೆ. ಇಂಥ ಸಾವುಗಳನ್ನು ಅಧ್ಯಯನ ಮಾಡಿದ ಅಮೆರಿಕದ ನಿಯೋಷ್ ಸಂಸ್ಥೆ 1986ರಲ್ಲೇ ಹೇಳಿತ್ತು, ಸತ್ತವರಲ್ಲಿ ಶೇ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರು. ಹಾರ್ನೆಸ್‌ಗೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲಿನಿಂದಲೇ ಎಳೆಯಬಹುದು. ಕಟ್ಟಿಲ್ಲವೆಂದರೆ 112ಕ್ಕೋ 101ಕ್ಕೋ ಫೋನ್ ಮಾಡಿ, ಬ್ಲೋವರ್ ಓಡಿಸುತ್ತಿರಿ, ಬೇರೆ ಯಾರನ್ನೂ ಇಳಿಯಲು ಬಿಡಬೇಡಿ. ಕೈ ಹಿಡಿದು ತಡೆಯಿರಿ. ಒಳಗಿರುವವನು ಸ್ವಂತ ಅಣ್ಣನಾದರೂ ಸರಿ.

ಕೊಳಚೆಯೇ ಇರಬೇಕು ಅಂತಿಲ್ಲ. ಮನೆ ಕಟ್ಟುವವರು ಹೊಸ ಸಂಪಿನ ಸೆಂಟ್ರಿಂಗ್ ಬಿಚ್ಚಲು ಇಳಿದು ಬೀಳುತ್ತಾರೆ. ತಿಂಗಳುಗಟ್ಟಲೆ ಮುಚ್ಚಿದ ಸಂಪಿನಲ್ಲಿ ಒದ್ದೆ ಹಲಗೆ ಕೊಳೆತು ಆಮ್ಲಜನಕ ತಿಂದಿರುತ್ತದೆ. ಅಲ್ಲಿ ವಾಸನೆಯ ಎಚ್ಚರಿಕೆಯೂ ಇರುವುದಿಲ್ಲ.

ಪ್ರಶ್ನೆ: ಆಸಿಡ್ ಸುರಿದರೆ ಟ್ಯಾಂಕಿನ ಗ್ಯಾಸ್ ಸಾಯುತ್ತೆ ಅಂತ ಕ್ಲೀನಿಂಗ್‌ನವರು ಹೇಳಿದರು. ನಿಜವಾ?

ಅಂಥವರನ್ನು ಗೇಟಿನ ಒಳಗೇ ಬಿಡಬೇಡಿ. ಕೆಸರಿನಲ್ಲಿರುವ ಸಲ್ಫೈಡ್‌ಗೆ ಆಸಿಡ್ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಇನ್ನೂ ಜಾಸ್ತಿ ಏಳುತ್ತದೆ. ಇಳಿಯುವ ಮುಂಚೆ ಸ್ವಲ್ಪ 'ಹಾಕಿಕೊಂಡರೆ' ಒಳ್ಳೆಯದು ಅನ್ನುವವರೂ ಇವರೇ. ಅಮಲಿನಲ್ಲಿರುವವನಿಗೆ ತಲೆ ಸುತ್ತುತ್ತಿರುವುದು ಗ್ಯಾಸಿಗೋ ಕುಡಿತಕ್ಕೋ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ಅಪಾರ್ಟ್‌ಮೆಂಟಿನ ಸೆಪ್ಟಿಕ್ ಟ್ಯಾಂಕ್ ಕೆಲಸ ಗುತ್ತಿಗೆಗೆ ಕೊಟ್ಟಿದ್ದೇವೆ. ಜವಾಬ್ದಾರಿ ಅವರದ್ದೇ ಅಲ್ವಾ?

ಅಲ್ಲ. ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ನೇರವಾಗಿಯಾಗಲಿ, ಬೇರೆಯವರ ಮೂಲಕವಾಗಲಿ ಇಳಿಸುವಂತಿಲ್ಲ ಅಂತ ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಹೇಳುತ್ತದೆ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ಕಲ್ಲು ಕೊರೆಯುವ ಕೆಲಸ. ದಿನಾ ಬೆಲ್ಲ ತಿಂದರೆ ದೂಳು ಹೋಗುತ್ತಂತೆ?

ಬೆಲ್ಲ ಹೊಟ್ಟೆಗೆ ಹೋಗುತ್ತದೆ, ದೂಳು ಶ್ವಾಸಕೋಶಕ್ಕೆ. ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್, ಬಂದ ಮೇಲೆ ವಾಸಿಯಾಗುವುದಿಲ್ಲ. ನೀರು ಬಿಟ್ಟುಕೊಂಡು ಕೊರೆಯಿರಿ, ಸರಿಯಾದ ಮಾಸ್ಕ್ ಹಾಕಿ. ಬೆಲ್ಲ ಹಂಚಿ ಸುಮ್ಮನಾಗುವ ಮಾಲೀಕರೇ, ಅದೇ ದುಡ್ಡಿಗೆ ನೀರಿನ ಪೈಪ್ ಹಾಕಿಸಿ.

ಪ್ರಶ್ನೆ: ಅಡಿಕೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ ತಂದಿದ್ದೇವೆ. ಲೋಹ ಅಲ್ಲವಲ್ಲ, ಕರೆಂಟ್ ಹೊಡೆಯಲ್ಲ ಅಲ್ವಾ?

ಹೊಡೆಯುತ್ತದೆ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ, ಅದರ ಹತ್ತಿರದ ಮರಗಳನ್ನು ಲೈನ್ ಆಫ್ ಮಾಡಿಸುವವರೆಗೆ ಮುಟ್ಟಬೇಡಿ. ದೋಟಿಯನ್ನು ನಿಲ್ಲಿಸಿಕೊಂಡೇ ಮರದಿಂದ ಮರಕ್ಕೆ ನಡೆಯಬೇಡಿ, ಮಡಚಿ ಒಯ್ಯಿರಿ.